ಹೈಸ್ಕೂಲಿನಲ್ಲಿ ಎಂಜಿನಿಯರಿಂಗ್: ಊರ ಶಾಲೆ, ಉದ್ಯಮಬಾಗದ ವರ್ಕ್‌ಶಾಪ್ ಕೂಡಿದರೆ ಏನು ಕಲಿಸಬಹುದು?

"ಸರ್, ನಮ್ಮ ಸಾಲ್ಯಾಗ ಎಂಜಿನಿಯರಿಂಗ್ ಲ್ಯಾಬ್ ಬರ್ತೈತಂತ. ಅಂದ್ರ ನಮ್ಮ ಹುಡುಗ ಎಂಟನೇ ಕ್ಲಾಸಿನ್ಯಾಗ ಎಂಜಿನಿಯರ್ ಓದ್ತಾನೇನ್ರಿ?"

ಬೆಳಗಾವಿ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ತಂದೆ ನನ್ನನ್ನು ಕೇಳಿದ ಪ್ರಶ್ನೆ ಇದು. ಬಹಳ ಒಳ್ಳೆಯ ಪ್ರಶ್ನೆ. 2025ರ ಕೇಂದ್ರ ಬಜೆಟ್‌ನಲ್ಲಿ ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಲ್ಯಾಬ್ ಮಾಡುತ್ತೇವೆ ಎಂದು ಹೇಳಿದ ಮೇಲೆ ಈ ಮಾತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗಳಲ್ಲೂ ಚಹಾದ ಅಂಗಡಿಗಳಲ್ಲೂ ಓಡಾಡುತ್ತಿದೆ. ಕಂಪನಿಯವರು ಲ್ಯಾಬ್ ಕೊಡುತ್ತಾರಂತೆ, ರೋಬೋಟ್ ಬರುತ್ತದಂತೆ, ಮಕ್ಕಳನ್ನು ಕಾರ್ಖಾನೆಗೆ ಕರೆದುಕೊಂಡು ಹೋಗುತ್ತಾರಂತೆ. ಆದರೆ ಇದು ಏನು, ಯಾರು ನಡೆಸುತ್ತಾರೆ, ಮಗುವಿಗೆ ಏನು ಸಿಗುತ್ತದೆ ಅನ್ನುವುದು ಬಹಳ ಜನರಿಗೆ ಸ್ಪಷ್ಟ ಇಲ್ಲ. ನಾನು ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು. ನನಗೆ ಗೊತ್ತಿರುವಷ್ಟನ್ನು ಬುಡದಿಂದ ಬಿಡಿಸಿ ಹೇಳುತ್ತೇನೆ.

ಮೊದಲು, ಎಂಜಿನಿಯರಿಂಗ್ ಅಂದರೆ ಏನು?

ಎಂಜಿನಿಯರಿಂಗ್ ಅಂದ ಕೂಡಲೇ ನಮಗೆ ನೆನಪಾಗುವುದು ಸಿಇಟಿ, ಸೀಟು, ಫೀಸು, ಬೆಂಗಳೂರಿನ ನೌಕರಿ. ಅದು ಡಿಗ್ರಿಯ ಮಾತು. ಕೆಲಸದ ಮಾತು ಬೇರೆ.

ವಿಜ್ಞಾನ "ಹೀಗೆ ಯಾಕೆ ಆಗುತ್ತದೆ?" ಎಂದು ಕೇಳುತ್ತದೆ. ಎಂಜಿನಿಯರಿಂಗ್ "ನನಗೆ ಇದು ಬೇಕು, ಇಷ್ಟೇ ದುಡ್ಡಿದೆ, ಇಷ್ಟೇ ಸಾಮಾನಿದೆ, ಹೇಗೆ ಮಾಡಲಿ?" ಎಂದು ಕೇಳುತ್ತದೆ. ಹೊಲದ ಬೋರ್‌ವೆಲ್ ಮೋಟರು ಕರೆಂಟ್ ಬಂದಾಗ ತಾನೇ ಶುರು ಆಗಬೇಕು, ನೀರು ಖಾಲಿಯಾದರೆ ತಾನೇ ನಿಲ್ಲಬೇಕು. ಮೋಟರು ತಿರುಗುವುದು ಹೇಗೆ ಅನ್ನುವುದು ವಿಜ್ಞಾನ. ರಾತ್ರಿ ಎರಡಕ್ಕೆ ಕರೆಂಟ್ ಬಂದರೂ ರೈತ ಮನೆಯಲ್ಲಿ ಮಲಗಿರುವಂತೆ ಮಾಡುವುದು ಎಂಜಿನಿಯರಿಂಗ್.

ನಮ್ಮ ಮನೆಯ ಜೋಳದ ರೊಟ್ಟಿಯನ್ನೇ ನೋಡಿ. ಹಿಟ್ಟು ಹಳೆಯದಾದರೆ ಜಿಗುಟು ಕಡಿಮೆ, ಬಡಿಯುವಾಗ ಅಂಚು ಒಡೆಯುತ್ತದೆ. ಆಗ ಅವ್ವ ಏನು ಮಾಡುತ್ತಾಳೆ? ನೀರು ಇನ್ನಷ್ಟು ಬಿಸಿ ಮಾಡುತ್ತಾಳೆ, ಹೆಚ್ಚು ನಾದುತ್ತಾಳೆ, ಒಂದು ರೊಟ್ಟಿ ಬಡಿದು ನೋಡುತ್ತಾಳೆ, ಆಗಲಿಲ್ಲ ಅಂದರೆ ಮತ್ತೆ ಬದಲಿಸುತ್ತಾಳೆ. ತೊಂದರೆ ಗುರುತಿಸುವುದು, ಒಂದು ಉಪಾಯ ಮಾಡುವುದು, ಸಣ್ಣದಾಗಿ ಮಾಡಿ ನೋಡುವುದು, ತಪ್ಪು ಎಲ್ಲಿದೆ ಹುಡುಕಿ ತಿದ್ದುವುದು. ಎಂಜಿನಿಯರು ಮಾಡುವುದೂ ಇದನ್ನೇ. ಒಂದೇ ವ್ಯತ್ಯಾಸ, ಅವನು ಪ್ರತಿ ಸಲವೂ ಅಳೆದು ಬರೆದಿಡುತ್ತಾನೆ. ನೀರು ಎಷ್ಟು ಬಿಸಿ, ಹಿಟ್ಟು ಎಷ್ಟು ದಿನದ್ದು, ರೊಟ್ಟಿ ಎಷ್ಟು ದಪ್ಪ ಎಂದು ಬರೆದಿಟ್ಟರೆ ನಾಳೆ ಇನ್ನೊಬ್ಬರೂ ಅದೇ ರೊಟ್ಟಿ ಮಾಡಬಹುದು.

ಹೈಸ್ಕೂಲಿನಲ್ಲಿ ಕಲಿಸುವುದು ಈ ಅಭ್ಯಾಸವನ್ನು. ಹಾಗಾಗಿ ಆ ತಂದೆಗೆ ನಾನು ಕೊಟ್ಟ ಉತ್ತರ: ಇಲ್ಲ, ಎಂಟನೇ ಕ್ಲಾಸಿನಲ್ಲಿ ಯಾರೂ ಎಂಜಿನಿಯರ್ ಆಗುವುದಿಲ್ಲ. ಆದರೆ ಸ್ಕೇಲು ಹಿಡಿದು ಅಳೆಯುವುದು, ಡ್ರಾಯಿಂಗ್ ಓದುವುದು, ಕೆಟ್ಟದ್ದನ್ನು ಬಿಚ್ಚಿ ಯಾಕೆ ಕೆಟ್ಟಿತು ಎಂದು ನೋಡುವುದು ಇವೆಲ್ಲ ಆ ವಯಸ್ಸಿಗೆ ಚೆನ್ನಾಗಿ ಬರುತ್ತವೆ.

ಲ್ಯಾಬ್ ಬೇರೆ, ಕಾರ್ಯಕ್ರಮ ಬೇರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಾಸ್ತಿ ಗೊಂದಲ ಇರುವುದು ಇಲ್ಲೇ.

ನಾನು ನೋಡಿದ ಒಂದು ಶಾಲೆಯಲ್ಲಿ ಒಳ್ಳೆಯ ಲ್ಯಾಬ್ ಬಂತು. ಹೊಸ ಬಣ್ಣ, ಹೊಸ ಟೇಬಲ್, ತ್ರೀಡಿ ಪ್ರಿಂಟರ್, ಸೆನ್ಸರ್‌ಗಳ ಪೆಟ್ಟಿಗೆ. ರಿಬ್ಬನ್ ಕಟ್ ಮಾಡಿದ ದಿನ ಮಕ್ಕಳ ಮುಖ ನೋಡಬೇಕಿತ್ತು. ಎರಡನೇ ವರ್ಷ ನಾನು ಮತ್ತೆ ಹೋದಾಗ ಪ್ರಿಂಟರಿನ ಮೇಲೆ ಬಟ್ಟೆ ಹೊದಿಸಿತ್ತು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕಲು ಅರ್ಧ ಗಂಟೆ ಬೇಕಾಯಿತು. ಕಲಿಸಲು ತರಬೇತಿ ಪಡೆದಿದ್ದ ಟೀಚರಿಗೆ ವರ್ಗ ಆಗಿತ್ತು. ಟೈಮ್‌ಟೇಬಲ್‌ನಲ್ಲಿ ಅದಕ್ಕೊಂದು ಪಿರಿಯಡ್ ಇರಲೇ ಇಲ್ಲ. ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರ ಮುಗಿದಿತ್ತು, ಹೊಸದು ತರಲು ಯಾವ ಲೆಕ್ಕದಲ್ಲಿ ದುಡ್ಡು ತೆಗೆಯಬೇಕು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಯಾರದೂ ಕೆಟ್ಟ ಮನಸ್ಸಿರಲಿಲ್ಲ. ಸುಮ್ನೆ ಯಾರೂ ಮುಂದಿನ ವರ್ಷದ ಬಗ್ಗೆ ವಿಚಾರ ಮಾಡಿರಲಿಲ್ಲ, ಅಷ್ಟೇ. ಆ ಬಟ್ಟೆ ಹೊದಿಸಿದ ಪ್ರಿಂಟರು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಲ್ಯಾಬ್ ಅಂದರೆ ಕೋಣೆ ಮತ್ತು ಸಾಮಾನು. ಕಾರ್ಯಕ್ರಮ ಅಂದರೆ ವಾರಕ್ಕೆ ಇಷ್ಟು ಪಿರಿಯಡ್, ಈ ಟೀಚರು, ಈ ಪಾಠ, ಈ ಹೊರಗಿನ ಜನ, ಈ ಖರ್ಚು, ಟೀಚರಿಗೆ ವರ್ಗ ಆದರೆ ಮುಂದೆ ಯಾರು ಅನ್ನುವುದೆಲ್ಲ ಸೇರಿದ ಏರ್ಪಾಟು. ಮೊದಲನೆಯದಕ್ಕೆ ದುಡ್ಡು ಸಾಕು. ಎರಡನೆಯದಕ್ಕೆ ಜನ ಬೇಕು. ಕಾರ್ಖಾನೆಯವರು, ಕಾಲೇಜಿನವರು, ಪಾಲಕರು ಸೇರಬೇಕು ಅನ್ನುವುದು ಈ ಕಾರಣಕ್ಕೆ.

ಅಮೆರಿಕದಲ್ಲಿ ಇಂಥ ಕಾರ್ಯಕ್ರಮಗಳು ಹಳೆಯವು. 1997ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾದ ಪ್ರಾಜೆಕ್ಟ್ ಲೀಡ್ ದ ವೇ ಅನ್ನುವ ಸಂಸ್ಥೆ ಹೈಸ್ಕೂಲುಗಳಿಗೆ ಎಂಜಿನಿಯರಿಂಗ್ ಪಾಠ ಕೊಡುತ್ತದೆ, ಟೀಚರುಗಳಿಗೆ ತರಬೇತಿ ಕೊಡುತ್ತದೆ, ಜೊತೆಗೆ ಊರಿನ ಉದ್ಯಮಿಗಳು, ಕಾಲೇಜಿನವರು, ಪಾಲಕರು ಇರುವ ತಂಡ ಕಟ್ಟಲು ಶಾಲೆಗಳಿಗೆ ಹೇಳುತ್ತದೆ. 1992ರಲ್ಲಿ ಶುರುವಾದ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯಲ್ಲೂ ಕಂಪನಿಗಳ ಎಂಜಿನಿಯರುಗಳು ವಾರಗಟ್ಟಲೆ ಮಕ್ಕಳ ಜೊತೆ ಕೂತು ಕೆಲಸ ಮಾಡುತ್ತಾರೆ. ಎರಡೂ ಕಡೆ ಸಾಮಾನಿನಷ್ಟೇ ಹೊರಗಿನಿಂದ ಬಂದು ಕಲಿಸುವ ಮನುಷ್ಯರಿಗೂ ತೂಕ ಇದೆ.

ಈಗಾಗಲೇ ಇರುವ ದಾರಿಗಳು

ಹೆಸರುಗಳು ಬಹಳ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ.

ಅಟಲ್ ಟಿಂಕರಿಂಗ್ ಲ್ಯಾಬ್ 2016ರಲ್ಲಿ ನೀತಿ ಆಯೋಗ ಶುರು ಮಾಡಿದ ಯೋಜನೆ, 6ರಿಂದ 12ನೇ ತರಗತಿಯ ಮಕ್ಕಳಿಗೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ತನಕ ನೆರವು ಎಂದು ಇಟ್ಟರು. ಅದರಲ್ಲಿ 10 ಲಕ್ಷ ಲ್ಯಾಬ್ ಕಟ್ಟಲು, ಉಳಿದದ್ದು ಐದು ವರ್ಷದ ತನಕ ನಡೆಸಲು. ನಡೆಸುವುದಕ್ಕೂ ಕಟ್ಟುವುದಕ್ಕೂ ಸಮ ಸಮ ಇಟ್ಟಿರುವುದನ್ನು ಗಮನಿಸಿ. ಟಿಂಕರಿಂಗ್ ಅಂದರೆ ಬಿಚ್ಚಿ, ಜೋಡಿಸಿ, ಮಾಡಿ ನೋಡುವುದು.

ಎನ್‌ಎಸ್‌ಕ್ಯೂಎಫ್ ಬೇರೆ. ಅದು 2013ರಲ್ಲಿ ಬಂದ ಕೌಶಲಗಳ ಮಟ್ಟದ ಚೌಕಟ್ಟು. ಅದರ ಕೆಳಗೆ 9ನೇ ತರಗತಿಯಿಂದ ಆಟೊಮೊಬೈಲ್, ಐಟಿ, ರಿಟೇಲ್‌ನಂಥ ವಿಷಯಗಳನ್ನು ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಪಾಠವಾಗಿಯೇ ಹೇಳುತ್ತಾರೆ. ಪರೀಕ್ಷೆ, ಅಂಕ ಎಲ್ಲ ಇರುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕಿಂತ ಹಳೆಯದೊಂದು ಇದೆ, ಕಿರಿಯ ತಾಂತ್ರಿಕ ಶಾಲೆ. ಜನ ಜೆಟಿಎಸ್ ಅನ್ನುತ್ತಾರೆ. ಇಲ್ಲಿ ಎಸ್‌ಎಸ್‌ಎಲ್‌ಸಿ ಜೊತೆಗೇ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಂಜಿನಿಯರಿಂಗ್ ಡ್ರಾಯಿಂಗಿನ ಪ್ರಾಥಮಿಕ ಪಾಠ ಇರುತ್ತದೆ. ಅಂದರೆ ಹೈಸ್ಕೂಲಿನಲ್ಲಿ ಎಂಜಿನಿಯರಿಂಗ್ ಅನ್ನುವುದು ನಮಗೆ ಹೊಸ ವಿಚಾರ ಅಲ್ಲವೇ ಅಲ್ಲ. ಇನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಚೀಲ ಬಿಟ್ಟು, ಊರಿನ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಬೇಕು ಎಂದು ಬರೆದಿದ್ದಾರೆ.

ಈ ಯಾವ ಯೋಜನೆಯೂ ಇಲ್ಲದ ಶಾಲೆ ಕೂಡ ಶುರು ಮಾಡಬಹುದು. ಹೇಗೆ ಅನ್ನುವುದನ್ನೇ ಮುಂದೆ ಹೇಳುತ್ತೇನೆ.

ಬೆಳಗಾವಿಗೆ ಇದು ಯಾಕೆ ಒಪ್ಪುತ್ತದೆ

ಬೆಳಗಾವಿ ಅಂದರೆ ಹೊರಗಿನವರಿಗೆ ಕುಂದಾ ಮತ್ತು ಕೋಟೆ. ಒಳಗಿನವರಿಗೆ ಫೌಂಡ್ರಿ. ಉದ್ಯಮಬಾಗ, ಮಚ್ಛೆ, ಕಾಕತಿ, ಹೊನಗಾ ಕಡೆ ಹೋದರೆ ಎರಕದ ಕಾರ್ಖಾನೆಗಳು, ಲೇತ್ (ಲೋಹ ಸವರುವ ಯಂತ್ರ) ಮತ್ತು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್ ಇರುವ ವರ್ಕ್‌ಶಾಪ್‌ಗಳು, ಹೈಡ್ರಾಲಿಕ್ಸ್ ಸಾಮಾನು ಮಾಡುವವರು ಸಾಲಾಗಿ ಸಿಗುತ್ತಾರೆ. ಕೊಲ್ಹಾಪುರ ರಸ್ತೆಯಲ್ಲಿ ಹತ್ತರಗಿ ಹತ್ತಿರ ವಿಮಾನದ ಬಿಡಿಭಾಗಗಳು ತಯಾರಾಗುವ ವಿಶೇಷ ಆರ್ಥಿಕ ವಲಯ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಇಲ್ಲೇ ಶುರುವಾಯಿತು, ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಇದಕ್ಕೇ ಸೇರಿವೆ. ಇಷ್ಟೆಲ್ಲ ಇದ್ದೂ, ನಾಲ್ಕು ಕಿಲೋಮೀಟರ್ ದೂರದ ಹೈಸ್ಕೂಲಿನ ಹುಡುಗಿಗೆ ಗೇಟಿನ ಒಳಗೆ ಏನು ನಡೆಯುತ್ತದೆ ಗೊತ್ತಿಲ್ಲ. ಅವಳ ಅಪ್ಪ ಅಲ್ಲೇ ಮೋಲ್ಡಿಂಗ್ ಕೆಲಸಕ್ಕೆ ಹೋಗುತ್ತಿರಬಹುದು, ಆದರೂ ಗೊತ್ತಿಲ್ಲ. ನನಗೆ ಬಹಳ ಕಾಡುವ ವಿಷಯ ಇದು.

ಒಂದು ಎರಕದ ಚಕ್ರ, ಹತ್ತು ವಾರದ ಪಾಠ

ಫೌಂಡ್ರಿಯನ್ನೇ ಪಾಠ ಮಾಡಿಕೊಂಡರೆ ಹೇಗಿರುತ್ತದೆ ನೋಡೋಣ. ಎರಕ ಅಂದರೆ ಲೋಹ ಕರಗಿಸಿ ಅಚ್ಚಿನಲ್ಲಿ ಸುರಿಯುವುದು. ಮೊದಲು ಮರ ಅಥವಾ ಲೋಹದಲ್ಲಿ ಬೇಕಾದ ಆಕಾರದ ಪ್ಯಾಟರ್ನ್ ಮಾಡುತ್ತಾರೆ. ಅದನ್ನು ಹಸಿ ಮರಳಿನಲ್ಲಿ ಒತ್ತಿ ತೆಗೆದರೆ ಗುಳಿ ಉಳಿಯುತ್ತದೆ. ಅದರಲ್ಲಿ ಕರಗಿದ ಬೀಡು ಕಬ್ಬಿಣ ಸುರಿದರೆ ಕಾಸ್ಟಿಂಗ್ ತಯಾರು. ಬೀಡು ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಸುರಿಯುವಾಗ ಇನ್ನೂ ಬಿಸಿ ಇರುತ್ತದೆ. ಮರಳು ಉದುರಬಾರದು ಎಂದು ಅದಕ್ಕೆ ಬೆಂಟೊನೈಟ್ ಎಂಬ ಜೇಡಿಮಣ್ಣು, ಸ್ವಲ್ಪ ನೀರು ಕಲಸುತ್ತಾರೆ. ನೀರು ಕಡಿಮೆಯಾದರೆ ಅಚ್ಚು ಕುಸಿಯುತ್ತದೆ. ಹೆಚ್ಚಾದರೆ ಆವಿಯೆದ್ದು ಕಾಸ್ಟಿಂಗಿನಲ್ಲಿ ತೂತು ಬೀಳುತ್ತವೆ. ರೊಟ್ಟಿ ಹಿಟ್ಟಿನ ನೀರಿನ ಲೆಕ್ಕವೇ ಇದು, ಅಲ್ವಾ?

ಮೊದಲ ವಾರದ ಪ್ರಶ್ನೆ ಹೀಗಿರಲಿ: ನಮಗೆ ಬೇಕಾದ ತುಂಡು 300 ಮಿ.ಮೀ. ಉದ್ದ. ಪ್ಯಾಟರ್ನ್ ಎಷ್ಟು ಉದ್ದ ಮಾಡಬೇಕು? ಎಲ್ಲ ಮಕ್ಕಳೂ 300 ಅನ್ನುತ್ತಾರೆ. ತಪ್ಪು. ಬೀಡು ಗಟ್ಟಿಯಾಗಿ ತಣಿಯುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಹಾಗಾಗಿ 303 ಮಿ.ಮೀ. ಬೇಕು. ಆಮೇಲೆ ಲೇತ್‌ನಲ್ಲಿ ಸವರಿ ನುಣ್ಣಗೆ ಮಾಡಲು ಮತ್ತೆ ಸ್ವಲ್ಪ ಸೇರಿಸಬೇಕು. ಟೇಲರ್ ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಅಂಚು ಬಿಡುವ ಹಾಗೆ. ಈ ಒಂದು ಪ್ರಶ್ನೆಯಲ್ಲಿ ಶೇಕಡಾ ಲೆಕ್ಕ ಇದೆ, ಉಷ್ಣದ ಪಾಠ ಇದೆ, ದುಡ್ಡಿನ ಲೆಕ್ಕವೂ ಇದೆ. ಅಂಚು ಜಾಸ್ತಿ ಬಿಟ್ಟರೆ ಅಷ್ಟು ಕಬ್ಬಿಣ ಚೂರಾಗಿ ಹೋಗುತ್ತದೆ.

ಎರಡನೇ ವಾರ ತೂಕ. 20 ಸೆಂ.ಮೀ. ವ್ಯಾಸ, 2 ಸೆಂ.ಮೀ. ದಪ್ಪ, ನಡುವೆ 5 ಸೆಂ.ಮೀ. ತೂತು ಇರುವ ಒಂದು ಬೀಡಿನ ಚಕ್ರ ತೂಕಕ್ಕೆ ಎಷ್ಟು ಬರುತ್ತದೆ? ಸಿಲಿಂಡರಿನ ಘನಫಲದ ಸೂತ್ರ ಪುಸ್ತಕದಲ್ಲೇ ಇದೆ. ದೊಡ್ಡ ವೃತ್ತದ ಲೆಕ್ಕದಿಂದ ತೂತಿನ ಲೆಕ್ಕ ಕಳೆದರೆ ಸುಮಾರು 589 ಘನ ಸೆಂ.ಮೀ. ಒಂದು ಘನ ಸೆಂ.ಮೀ. ಬೀಡು ಸುಮಾರು 7.2 ಗ್ರಾಂ. ಹಾಗಾದರೆ ಸುಮಾರು 4.2 ಕೆ.ಜಿ. ಆಮೇಲೆ ನಿಜವಾದ ಚಕ್ರವನ್ನು ತಕ್ಕಡಿಯಲ್ಲಿ ಇಡುವುದು. ಲೆಕ್ಕಕ್ಕೂ ತಕ್ಕಡಿಗೂ ಹತ್ತಿರ ಬಂದಾಗ ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಬರದೇ ಇದ್ದರೆ ಇನ್ನೂ ಒಳ್ಳೆಯದು, ಯಾಕೆ ಬರಲಿಲ್ಲ ಎಂದು ಹುಡುಕಬಹುದು. ಒಳಗೆ ಪೊಳ್ಳು ಇರಬಹುದು, ಅಳತೆ ತಪ್ಪಿರಬಹುದು.

ಅಳತೆಗೆ ವರ್ನಿಯರ್ ಬೇಕು, ಅಂದರೆ ಸ್ಕೇಲಿಗಿಂತ ಬಹಳ ಸೂಕ್ಷ್ಮವಾಗಿ ಅಳೆಯುವ ಕೈ ಉಪಕರಣ. ಸಾಮಾನ್ಯ ವರ್ನಿಯರ್ 0.02 ಮಿ.ಮೀ. ತನಕ ತೋರಿಸುತ್ತದೆ. ನಮ್ಮ ತಲೆಗೂದಲು ಹೆಚ್ಚು ಕಡಿಮೆ 0.05ರಿಂದ 0.1 ಮಿ.ಮೀ. ದಪ್ಪ. ತಮ್ಮ ಕೂದಲಿಗಿಂತ ಸಣ್ಣ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದು ಅಳೆಯಬಹುದು ಎಂದರೆ ಹದಿಮೂರರ ಮಕ್ಕಳು ನಂಬುವುದಿಲ್ಲ. ಇಲ್ಲಿಯೇ ಟಾಲರೆನ್ಸ್ ಎಂಬ ಮಾತು ಹೇಳಿಕೊಡಬೇಕು. ಯಾವ ವಸ್ತುವೂ ಕರಾರುವಾಕ್ಕಾಗಿ 50 ಮಿ.ಮೀ. ಬರುವುದಿಲ್ಲ. 49.98ರಿಂದ 50.02ರ ಒಳಗೆ ಇದ್ದರೆ ಪಾಸ್, ಹೊರಗೆ ಹೋದರೆ ರಿಜೆಕ್ಟ್ ಎಂದು ಮೊದಲೇ ಬರೆದಿಡುತ್ತಾರೆ. ಆ ಬಿಟ್ಟುಕೊಟ್ಟ ಜಾಗವೇ ಟಾಲರೆನ್ಸ್. ಬಾಗಿಲು ಚೌಕಟ್ಟಿಗೆ ಪೂರ್ತಿ ಅಂಟಿಕೊಂಡರೆ ಮಳೆಗಾಲದಲ್ಲಿ ಉಬ್ಬಿ ಮುಚ್ಚುವುದಿಲ್ಲ, ಬಹಳ ಸಡಿಲಾದರೆ ಗಾಳಿ ಬರುತ್ತದೆ. ಬಡಗಿಗೆ ಈ ನಡುವಿನ ಲೆಕ್ಕ ಕೈಗೇ ಗೊತ್ತು.

ಹೈಡ್ರಾಲಿಕ್ಸ್ ಇನ್ನೂ ಸುಲಭ. ಸೂಜಿ ತೆಗೆದ ಎರಡು ಸಿರಿಂಜು, ಒಂದು ಸಣ್ಣ ಪೈಪು, ನೀರು. ಒಂದರ ವ್ಯಾಸ ಇನ್ನೊಂದರ ಎರಡರಷ್ಟಿದ್ದರೆ ವಿಸ್ತೀರ್ಣ ನಾಲ್ಕರಷ್ಟು. ಸಣ್ಣದನ್ನು ಒತ್ತಿದರೆ ದೊಡ್ಡದು ನಾಲ್ಕು ಪಟ್ಟು ಬಲದಿಂದ ಎತ್ತುತ್ತದೆ, ಆದರೆ ಕಾಲು ಭಾಗದಷ್ಟು ದೂರ ಮಾತ್ರ. 17ನೇ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಕಂಡುಕೊಂಡದ್ದು ಇದು. ಕಬ್ಬಿನ ಸೀಸನ್ನಿನಲ್ಲಿ ಟ್ರಾಲಿ ಎತ್ತಿ ಸುರಿಯುವ ಜಾಕ್ ನೋಡದ ಮಗು ನಮ್ಮ ಜಿಲ್ಲೆಯಲ್ಲಿ ಇಲ್ಲ. ಅದರ ಒಳಗಿನ ಗುಟ್ಟು ಈ ಸಿರಿಂಜಿನಲ್ಲಿದೆ ಎಂದು ತೋರಿಸಿದ ದಿನ ಹಿಂದಿನ ಬೆಂಚಿನವರೂ ಮುಂದೆ ಬರುತ್ತಾರೆ.

ಯಾರಿಂದ ಏನು ಕೇಳಬೇಕು

ಶಾಲೆಗಳು ಸಾಮಾನ್ಯವಾಗಿ ಮಾಡುವ ತಪ್ಪು, ಎಲ್ಲರ ಹತ್ತಿರ ದುಡ್ಡು ಕೇಳುವುದು. ದುಡ್ಡು ಕೆಲವರ ಹತ್ತಿರ ಮಾತ್ರ ಇರುತ್ತದೆ.

ದೊಡ್ಡ ಕಂಪನಿಗಳಿಗೆ ಸಿಎಸ್‌ಆರ್ ಎಂಬ ಬಾಧ್ಯತೆ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ವರ್ಷದ ನಿವ್ವಳ ಲಾಭ 5 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಆಸ್ತಿ 500 ಕೋಟಿ ರೂಪಾಯಿ ದಾಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ, ಕೌಶಲ ಆ ಪಟ್ಟಿಯಲ್ಲಿವೆ, ಮತ್ತು ತಾವಿರುವ ಊರಿಗೆ ಮೊದಲ ಆದ್ಯತೆ ಕೊಡಬೇಕು ಎಂದೂ ಕಾಯ್ದೆಯಲ್ಲಿದೆ. ಇಂಥವರ ಹತ್ತಿರ ಹೋಗುವಾಗ ಬರೀ "ಲ್ಯಾಬ್ ಕೊಡಿ" ಎಂಬ ಅರ್ಜಿ ಒಯ್ಯಬೇಡಿ. ಮೂರು ವರ್ಷದ ಖರ್ಚಿನ ಲೆಕ್ಕ, ಯಾವ ಟೀಚರು, ಎಷ್ಟು ಮಕ್ಕಳು ಎಲ್ಲ ಬರೆದು ಒಯ್ಯಿರಿ.

ಉದ್ಯಮಬಾಗದ ಹತ್ತು ಜನ ಕೆಲಸ ಮಾಡುವ ವರ್ಕ್‌ಶಾಪಿಗೆ ಸಿಎಸ್‌ಆರ್ ಅನ್ವಯಿಸುವುದಿಲ್ಲ. ಅವರ ಹತ್ತಿರ ಇರುವುದು ಬೇರೆ. ರಿಜೆಕ್ಟ್ ಆದ ಕಾಸ್ಟಿಂಗ್, ಹಳೆಯ ಡ್ರಾಯಿಂಗ್, ಸವೆದ ಬೇರಿಂಗ್, ಮಾಲೀಕನ ಒಂದು ಗಂಟೆ. ಈ ರಿಜೆಕ್ಟ್ ಸಾಮಾನಿನಷ್ಟು ಒಳ್ಳೆಯ ಪಾಠದ ಸಾಮಗ್ರಿ ನನಗೆ ಗೊತ್ತಿಲ್ಲ. ಒಬ್ಬ ವರ್ಕ್‌ಶಾಪ್ ಮಾಲೀಕರ ಹತ್ತಿರ ನಾನು ಹೋಗಿ ಕೇಳಿದಾಗ ಅವರು ಹೇಳಿದ್ದು: "ಸರ್, ರೊಕ್ಕ ಕೊಡೂದು ಆಗೂದಿಲ್ರಿ. ಆದ್ರ ಶನಿವಾರ ಒಂದು ತಾಸು ನಾನಽ ಬರ್ತೀನಿ. ಕೆಟ್ಟ ಜಾಬ್ ಒಂದು ಚೀಲ ತುಂಬಿ ತರ್ತೀನಿ." ಜಾಬ್ ಅಂದರೆ ಅವರ ಮಾತಿನಲ್ಲಿ ವರ್ಕ್‌ಶಾಪಿನಲ್ಲಿ ಮಾಡಿದ ತುಂಡು. ಆ ಚೀಲದಿಂದ ನಮಗೆ ಒಂದು ವರ್ಷದ ಪಾಠ ಆಯಿತು. ಒಂದೊಂದೇ ತುಂಡು ತೆಗೆದು "ಇದು ಯಾಕ ಕೆಡ್ತು ಹೇಳ್ರಿ ನೋಡೂಣು" ಎಂದು ಅವರು ಕೇಳುತ್ತಿದ್ದರು. ಮಕ್ಕಳು ಊಹಿಸುತ್ತಿದ್ದರು. ಪುಸ್ತಕದ ಪ್ರಶ್ನೆಗೆ ಕೈ ಎತ್ತದವರು ಅಲ್ಲಿ ಎತ್ತುತ್ತಿದ್ದರು.

ಇನ್ನೊಂದು ವರ್ಗದ ಜನರನ್ನು ನಾವು ಮರೆತೇ ಬಿಡುತ್ತೇವೆ. ನಿವೃತ್ತ ಟರ್ನರ್, ಫಿಟ್ಟರ್, ಪ್ಯಾಟರ್ನ್ ಮೇಕರ್. ಮೂವತ್ತು ವರ್ಷ ಲೇತ್ ಮುಂದೆ ನಿಂತ ಮಿಸ್ತ್ರಿ ಮಾಮಾ ಶಬ್ದ ಕೇಳಿಯೇ ಟೂಲ್ ಮೊಂಡಾಗಿದೆ ಎಂದು ಹೇಳುತ್ತಾರೆ. ಅವರು ಶಾಲೆಗೆ ಬಂದು ಫೈಲ್ ಹಿಡಿಯುವ ರೀತಿ ತೋರಿಸಿದರೆ, ಅಂಥ ಕೆಲಸ ಮಾಡುವ ತನ್ನ ಅಪ್ಪನನ್ನು ಮಗು ನೋಡುವ ರೀತಿಯೇ ಬದಲಾಗುತ್ತದೆ.

ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳಿಂದ ವಿದ್ಯಾರ್ಥಿಗಳನ್ನು ಕೇಳಬಹುದು. ಮೂರನೇ ವರ್ಷದ ಹುಡುಗಿ ಬಂದು ಪಾಠ ಹೇಳಿದರೆ ಎಂಟನೆಯ ಕ್ಲಾಸಿನವರಿಗೆ ಅಕ್ಕ ಬಂದ ಹಾಗೆ. ಒಂದು ಎಚ್ಚರಿಕೆ ಮಾತ್ರ: ಪರೀಕ್ಷೆ ಬಂದಾಗ ಅವರು ಬರುವುದಿಲ್ಲ, ಅದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಎಸ್‌ಡಿಎಂಸಿ ಅಂದರೆ ಪಾಲಕರೇ ಹೆಚ್ಚಿರುವ ಶಾಲಾಭಿವೃದ್ಧಿ ಸಮಿತಿ. ಅದರ ಕೆಲಸ ಕೋಣೆ, ಕರೆಂಟು, ಬೀಗ, ಲೆಕ್ಕ. ಮತ್ತೆ ಮತ್ತೆ "ಈ ವಾರ ಕ್ಲಾಸ್ ಆಯ್ತಾ?" ಎಂದು ಕೇಳುವುದು. ಈ ಕೊನೆಯದನ್ನು ಮಾಡುವ ಒಬ್ಬರಿದ್ದರೆ ಲ್ಯಾಬಿಗೆ ಬೀಗ ಬೀಳುವುದಿಲ್ಲ.

ಮೊದಲ ವರ್ಷ ಹೇಗಿರಬೇಕು

ಹತ್ತನೇ ಕ್ಲಾಸನ್ನು ಮುಟ್ಟಬೇಡಿ. ಅಲ್ಲಿ ಎಸ್‌ಎಸ್‌ಎಲ್‌ಸಿ ಒತ್ತಡ, ಪಾಲಕರೂ ಒಪ್ಪುವುದಿಲ್ಲ, ಟೀಚರಿಗೂ ಬಿಡುವಿಲ್ಲ. ಎಂಟನೆಯ ಕ್ಲಾಸಿನಿಂದ ಶುರು ಮಾಡಿ, ಎರಡನೇ ವರ್ಷ ಒಂಬತ್ತಕ್ಕೆ ಒಯ್ಯುವುದು ಒಳ್ಳೆಯದು.

ವಾರಕ್ಕೆ ಜೋಡಿ ಪಿರಿಯಡ್ ಒಂದು ಸಾಕು. ಹೊಸ ಪಿರಿಯಡ್ ಸಿಗುವುದಿಲ್ಲ, ಹಾಗಾಗಿ ಕಾರ್ಯಾನುಭವದ ಪಿರಿಯಡ್ ಮತ್ತು ವಿಜ್ಞಾನದ ಒಂದು ಪಿರಿಯಡ್ ಜೋಡಿಸಬಹುದು. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಟೀಚರ್ ಒಬ್ಬರೇ ಹೊತ್ತುಕೊಂಡರೆ ಅವರಿಗೆ ವರ್ಗ ಆದ ದಿನ ಎಲ್ಲ ನಿಲ್ಲುತ್ತದೆ. ಇಬ್ಬರು ಬೇಕು. ಎರಡನೆಯವರು ಚಿತ್ರಕಲಾ ಟೀಚರ್ ಆದರೂ ಅಡ್ಡಿಯಿಲ್ಲ, ಡ್ರಾಯಿಂಗ್ ಪಾಠಕ್ಕೆ ಅವರೇ ಸರಿ. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿದರೆ ಒಂದು ವಸ್ತು ಹೇಗೆ ಕಾಣುತ್ತದೆ ಎಂದು ಮೂರು ಚಿತ್ರ ಬರೆಯುವುದೇ ಎಂಜಿನಿಯರಿಂಗ್ ಡ್ರಾಯಿಂಗಿನ ಶುರುವಾತು. ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳಿವೆ. ಡ್ರಾಯಿಂಗ್ ಮಾತ್ರ ಮೂರೂ ಶಾಲೆಯ ಮಕ್ಕಳಿಗೆ ಒಂದೇ ರೀತಿ ಓದಲು ಬರುತ್ತದೆ.

ಸಾಮಾನು ಏನೇನು? ಸ್ಟೀಲ್ ಸ್ಕೇಲು, ನಾಲ್ಕೈದು ವರ್ನಿಯರ್, ತಕ್ಕಡಿ, ಸ್ಕ್ರೂಡ್ರೈವರ್, ಪಾನಾ, ಫೈಲ್, ಮಲ್ಟಿಮೀಟರ್, ರಟ್ಟು, ಸಿರಿಂಜು, ಕೆಟ್ಟ ಮಿಕ್ಸರು, ಕೆಟ್ಟ ಫ್ಯಾನು. ಮೊದಲ ಆರು ತಿಂಗಳು ಇಷ್ಟೇ. ರೋಬೋಟ್, ತ್ರೀಡಿ ಪ್ರಿಂಟರ್ ಆಮೇಲೆ ಬರಲಿ. ಅಳೆಯಲು ಬಾರದ ಮಗುವಿಗೆ ಪ್ರಿಂಟರ್ ಕೊಟ್ಟರೆ ಯಾರೋ ಮಾಡಿಟ್ಟ ಆಟಿಗೆಯನ್ನು ಇಳಿಸಿ ಪ್ರಿಂಟ್ ಹೊಡೆಯುತ್ತದೆ, ಅಷ್ಟೇ.

ದಸರಾ ರಜೆಯ ಹೊತ್ತಿಗೆ ಒಂದು ಸಲ ಕಾರ್ಖಾನೆ ನೋಡಲು ಹೋಗಬೇಕು, ಆದರೆ ಕೈಯಲ್ಲಿ ಪ್ರಶ್ನೆ ಇಟ್ಟುಕೊಂಡು. ರಜೆ ಮುಗಿದ ಮೇಲೆ ಗುಂಪಿಗೊಂದು ನಿಜವಾದ ತೊಂದರೆ ಕೊಡಬೇಕು. ಶಾಲೆಯ ನೀರಿನ ಟಾಕಿ ತುಂಬಿ ಚೆಲ್ಲುತ್ತದೆ. ಬಿಸಿಯೂಟದ ದೊಡ್ಡ ಪಾತ್ರೆಯನ್ನು ಅಡುಗೆಯ ಅಕ್ಕಂದಿರು ಇಬ್ಬರು ಹಿಡಿದು ಎತ್ತಬೇಕು, ಸೊಂಟ ನೋವು. ಗೇಟು ಮಳೆಗಾಲದಲ್ಲಿ ನೆಲಕ್ಕೆ ತಾಗುತ್ತದೆ. ಇವು ಸಣ್ಣವಾಗಿ ಕಾಣುತ್ತವೆ, ಆದರೆ ಅಳೆದು, ಡ್ರಾಯಿಂಗ್ ಬರೆದು, ರಟ್ಟಿನಲ್ಲಿ ಮಾದರಿ ಮಾಡಿ, ವರ್ಕ್‌ಶಾಪಿನವರಿಗೆ ತೋರಿಸಿ ತಿದ್ದಿಸಿಕೊಂಡರೆ ನಾಲ್ಕು ತಿಂಗಳು ಬೇಕು. ಬಿಸಿಯೂಟದ ಪಾತ್ರೆಗೆ ಚಕ್ರದ ಗಾಡಿ ಆಯಿತೆಂದರೆ ಅದನ್ನು ಇಡೀ ಶಾಲೆ ದಿನಾ ನೋಡುತ್ತದೆ.

ಗುಂಪು ಮಾಡುವಾಗ ಒಂದು ಗಮನ ಇರಲಿ. ಬಿಟ್ಟರೆ ಹುಡುಗರು ಪಾನಾ ಹಿಡಿಯುತ್ತಾರೆ, ಹುಡುಗಿಯರಿಗೆ ವಹಿ ಬರೆಯುವ ಕೆಲಸ ಬರುತ್ತದೆ. ವಾರಕ್ಕೊಮ್ಮೆ ಕೆಲಸ ಅದಲು ಬದಲು ಆಗಲೇಬೇಕು ಎಂಬ ನಿಯಮ ಮೊದಲ ದಿನವೇ ಹಾಕಬೇಕು.

ಸುರಕ್ಷತೆ ಮತ್ತು ಕಾನೂನು

ಪಾಲಕರ ಭಯ ಇಲ್ಲಿದೆ, ಭಯ ಸರಿಯಾಗಿಯೇ ಇದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ ಕೆಲಸಕ್ಕೆ ಹಚ್ಚುವಂತಿಲ್ಲ. 14ರಿಂದ 18ರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಹಾಗಾಗಿ ನಿಯಮ ಸರಳ: ಕಾರ್ಖಾನೆಯಲ್ಲಿ ಮಕ್ಕಳು ನೋಡುತ್ತಾರೆ, ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಯಂತ್ರ ಮುಟ್ಟುವುದಿಲ್ಲ, ಮಾಲು ಎತ್ತುವುದಿಲ್ಲ, ಪ್ಯಾಕಿಂಗೂ ಮಾಡುವುದಿಲ್ಲ. "ಕಲಿಯಾಕ ಬಂದಾರ, ಸ್ವಲ್ಪ ಕೈ ಹಚ್ಚಲಿ" ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಕೈಯಿಂದ ಮಾಡುವುದೆಲ್ಲ ಶಾಲೆಯಲ್ಲಿ, ಕೈ ಉಪಕರಣಗಳಿಂದ, ಟೀಚರ ಕಣ್ಣೆದುರು. ಭೇಟಿಯ ದಿನ ಪಾಲಕರ ಸಹಿ ಇರುವ ಒಪ್ಪಿಗೆ, ಚಪ್ಪಲಿ ಬದಲು ಬೂಟು, ಕೂದಲು ಕಟ್ಟಿಕೊಳ್ಳುವುದು, ದುಪಟ್ಟಾ ಸಿಕ್ಕಿಸಿಕೊಳ್ಳುವುದು, ಸಣ್ಣ ಗುಂಪು. ಲೋಹ ಸುರಿಯುವ ಜಾಗಕ್ಕೆ ದೂರದಿಂದಲೇ ನೋಟ. ಬಿಇಒ ಕಚೇರಿಗೆ ಮೊದಲೇ ತಿಳಿಸಿರಬೇಕು.

ಶಾಲೆ ಮತ್ತು ಕಂಪನಿ ನಡುವೆ ಎರಡು ಪುಟದ ಒಪ್ಪಂದ ಬರೆದುಕೊಳ್ಳುವುದು ಒಳ್ಳೆಯದು. ಕೊಟ್ಟ ಸಾಮಾನು ಯಾರದು, ಕೆಟ್ಟರೆ ರಿಪೇರಿ ಯಾರು ಮಾಡಿಸುತ್ತಾರೆ, ವರ್ಷಕ್ಕೆ ಎಷ್ಟು ಸಲ ಜನ ಬರುತ್ತಾರೆ, ಮಕ್ಕಳ ಫೋಟೊ ಬಳಸಬಹುದೋ ಇಲ್ಲವೋ, ಒಬ್ಬರು ಬಿಟ್ಟರೆ ಎಷ್ಟು ದಿನ ಮೊದಲು ಹೇಳಬೇಕು. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವಾಗಲೂ ಕಾಗದ ಮಾಡುತ್ತೇವಲ್ಲ.

ಅಂಕ ಬರುತ್ತದಾ? ನೌಕರಿ ಸಿಗುತ್ತದಾ?

ಶಾಲೆಯೇ ನಡೆಸುವ ಇಂಥ ಕಾರ್ಯಕ್ರಮಕ್ಕೆ ಎಸ್‌ಎಸ್‌ಎಲ್‌ಸಿಯಲ್ಲಿ ನೇರ ಅಂಕ ಇಲ್ಲ. ಎನ್‌ಎಸ್‌ಕ್ಯೂಎಫ್ ವಿಷಯವಾದರೆ ಅಥವಾ ಜೆಟಿಎಸ್ ಆದರೆ ಇದೆ. ಯಾರಾದರೂ ನೌಕರಿ ಖಾತ್ರಿ ಎಂದು ಹೇಳಿದರೆ ನಂಬಬೇಡಿ.

ಸಿಗುವುದು ಆಯ್ಕೆ ಮಾಡುವ ತಿಳಿವಳಿಕೆ. ಹತ್ತನೆಯ ನಂತರ ನಮ್ಮ ಮಕ್ಕಳ ಮುಂದೆ ಮೂರು ದಾರಿ ಇರುತ್ತವೆ. ಐಟಿಐಗೆ ಹೋಗಿ ಫಿಟ್ಟರ್, ಟರ್ನರ್‌ನಂಥ ಟ್ರೇಡ್ ಎರಡು ವರ್ಷ ಕಲಿಯಬಹುದು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಈಚಿನ ವರ್ಷಗಳಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಿದ್ದಾರೆ. ಎರಡನೆಯದು ಪಾಲಿಟೆಕ್ನಿಕ್, ಮೂರು ವರ್ಷದ ಡಿಪ್ಲೊಮಾ. ಅದು ಮುಗಿಸಿ ಡಿಪ್ಲೊಮಾದವರಿಗೆಂದೇ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಇದು ಬಹಳ ಪಾಲಕರಿಗೆ ಗೊತ್ತಿಲ್ಲ, ಮನೆಯ ಪರಿಸ್ಥಿತಿ ಬಿಗಿ ಇದ್ದವರಿಗೆ ಒಳ್ಳೆಯ ದಾರಿ. ಮೂರನೆಯದು ಪಿಯು ಸೈನ್ಸ್, ಆಮೇಲೆ ಸಿಇಟಿ. ಎರಡು ವರ್ಷ ಕೈಯಾರೆ ಮಾಡಿ ನೋಡಿದ ಮಗು "ನನಗೆ ಇದು ಸೇರುತ್ತದೆ" ಅಥವಾ "ನನಗೆ ಇದು ಬೇಡ, ಕಾಮರ್ಸ್ ಸಾಕು" ಎಂದು ತಾನೇ ಹೇಳಬಲ್ಲದು. ಬೇಡ ಅಂದರೂ ನಷ್ಟ ಏನಿಲ್ಲ. ಪಿಯು ಸೈನ್ಸಿಗೆ ದುಡ್ಡು ಸುರಿದ ಮೇಲೆ ಬೇಡ ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ.

ಹತ್ತಿರ ಫೌಂಡ್ರಿ ಇಲ್ಲದ ಊರುಗಳಲ್ಲಿ

ಎಲ್ಲ ಊರಿನ ಪಕ್ಕ ಉದ್ಯಮಬಾಗ ಇಲ್ಲ. ಬೇಕಾಗಿಯೂ ಇಲ್ಲ. ರಬಕವಿ-ಬನಹಟ್ಟಿಯ ಶಾಲೆಗೆ ಪವರ್‌ಲೂಮ್ ಇದೆ. ಒಂದು ಮಗ್ಗದಲ್ಲಿ ಗಿಯರು, ಕ್ಯಾಮು, ಲಿವರು ಎಲ್ಲ ಒಟ್ಟಿಗೆ ಕುಣಿಯುತ್ತವೆ, ಅದನ್ನು ರಿಪೇರಿ ಮಾಡುವವರು ಅದೇ ಓಣಿಯಲ್ಲಿ ಸಿಗುತ್ತಾರೆ. ಬಾಗಲಕೋಟೆಗೆ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ, 1963ರಿಂದ. ವಿಜಯಪುರ ಜಿಲ್ಲೆಯಲ್ಲಿ ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಇದೆ, ಆಲಮಟ್ಟಿಯಲ್ಲಿ 290 ಮೆಗಾವಾಟ್ ಜಲವಿದ್ಯುತ್ ಇದೆ. ಒಂದು ಕಲ್ಲಿದ್ದಲಿನಿಂದ, ಇನ್ನೊಂದು ನೀರಿನಿಂದ. ಎರಡನ್ನೂ ಹೋಲಿಸಿ ನೋಡುವ ಭಾಗ್ಯ ಎಷ್ಟು ಜಿಲ್ಲೆಯ ಮಕ್ಕಳಿಗಿದೆ ಹೇಳಿ? ಸಕ್ಕರೆ ಕಾರ್ಖಾನೆಯಂತೂ ಮೂರೂ ಜಿಲ್ಲೆಯಲ್ಲಿವೆ. ಇದೆಲ್ಲ ದೂರ ಅಂದರೆ ಟ್ರ್ಯಾಕ್ಟರ್ ಟ್ರಾಲಿ ಮಾಡುವ ವೆಲ್ಡಿಂಗ್ ಅಂಗಡಿ, ಮೋಟರ್ ವೈಂಡಿಂಗ್ ಮಾಡುವ ಅಣ್ಣ, ಬೈಕ್ ಗ್ಯಾರೇಜು ಯಾವ ಊರಲ್ಲಿ ಇಲ್ಲ? ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿಯನ್ನು ಎಷ್ಟು ಸುತ್ತು ಸುತ್ತುತ್ತಾರೆ, ಯಾಕೆ ಅಷ್ಟೇ ಸುತ್ತು ಎಂದು ಕೇಳಿದರೆ ಹತ್ತನೆಯ ಕ್ಲಾಸಿನ ವಿದ್ಯುತ್ತಿನ ಪಾಠಕ್ಕೆ ಅಲ್ಲೇ ಜೀವ ಬರುತ್ತದೆ.

ಈಗ ಪಾಲಕರು ಮಾಡಬಹುದಾದ ಮೊದಲ ಕೆಲಸ. ಶಾಲೆ ಜೂನ್ ಹೊತ್ತಿಗೆ ಶುರುವಾಗುತ್ತದೆ, ಟೈಮ್‌ಟೇಬಲ್ ಒಮ್ಮೆ ಗೋಡೆಗೆ ಹಚ್ಚಿದ ಮೇಲೆ ಬದಲಿಸುವುದು ಕಷ್ಟ. ಅದಕ್ಕೆ ಮುಂಚಿನ ಎಸ್‌ಡಿಎಂಸಿ ಸಭೆಗೆ ಹೋಗಿ ಹೆಡ್‌ಮಾಸ್ತರರ ಹತ್ತಿರ ಮೂರು ವಿಷಯ ಕೇಳಿ: ಎಂಟನೆಯ ಕ್ಲಾಸಿಗೆ ವಾರಕ್ಕೊಂದು ಜೋಡಿ ಪಿರಿಯಡ್ ಕೊಡಬಹುದಾ, ಅದಕ್ಕೆ ಯಾವ ಇಬ್ಬರು ಟೀಚರು, ಮತ್ತು ನಮ್ಮ ಊರಿನ ಯಾವ ವರ್ಕ್‌ಶಾಪಿನವರನ್ನು ಮೊದಲ ಶನಿವಾರ ಕರೆಯೋಣ. ಆ ವರ್ಕ್‌ಶಾಪಿಗೆ ಹೋಗುವಾಗ ಖಾಲಿ ಚೀಲ ಒಂದು ಒಯ್ಯಿರಿ, ಕೆಟ್ಟ ಜಾಬ್ ತುಂಬಿಕೊಂಡು ಬರಲು.